ಐನೂರು ಕಿಲೋಮೀಟರ್ ಆದ ಮೇಲೆ ಬನ್ನಿ

"ಸ್ಪ್ರಿಂಗ್ ಕತ್ತರಿಸೋ ಅಂಗಡಿ ಇದಲ್ಲ. ಬಂದ ದಾರಿಯಲ್ಲೇ ಗಾಡಿ ತಿರುಗಿಸಿಕೊಂಡು ಹೋಗಿ."

ಲಿಫ್ಟ್ ಮೇಲಿದ್ದ ಕಾರಿನ ಅಡಿಯಿಂದ ಮೊದಲು ಈ ಮಾತು ಬಂತು, ಆಮೇಲೆ ಮುಖ ಬಂತು. ಕೆನ್ನೆಯ ಮೇಲೆ ಗ್ರೀಸ್, ಕೈಯಲ್ಲಿ ಸ್ಪ್ಯಾನರ್, ಮೂಗಿನ ತುದಿಯಲ್ಲಿ ಕೋಪ.

ಅವಳೇ ನಮ್ಮ ಹುಡುಗಿ. ಕಾರಿನ ಸಸ್ಪೆನ್ಷನ್, ಅಂದರೆ ಗಾಡಿಯ ಭಾರ ಹೊರುವ ಸ್ಪ್ರಿಂಗುಗಳ ಕೆಲಸದಲ್ಲಿ ಅವಳನ್ನು ಮೀರಿಸುವವರಿಲ್ಲ. ಗಿರಾಕಿಯನ್ನು ಮೊದಲ ಮಾತಿಗೇ ಓಡಿಸುವುದರಲ್ಲೂ ಅಷ್ಟೇ.

"ಕತ್ತರಿಸಿ ಅಂತ ನಾನು ಹೇಳಲೇ ಇಲ್ಲವಲ್ಲ," ಅಂದ ಬಾಗಿಲಲ್ಲಿ ನಿಂತವನು, ಕನ್ನಡಕ ಮೇಲೆ ತಳ್ಳಿಕೊಳ್ಳುತ್ತಾ. "ಗಾಡಿಯ ಎತ್ತರ ಸ್ವಲ್ಪ ತಗ್ಗಿಸೋಕಾಗುತ್ತಾ ಅಂತ ಕೇಳಿದೆ."

"ಇವತ್ತು ತಗ್ಗಿಸಿ ಅಂತೀರಿ. ನಾಳೆ ವರ್ತುಲ ರಸ್ತೆಯಲ್ಲಿ ಹುಡುಗರ ಜೊತೆ ಪಂದ್ಯ ಕಟ್ಟುತ್ತೀರಿ. ನಾನು ನೋಡದೇ ಇರೋದಾ?"

ಗಾಜಿನ ಕೋಣೆಯಲ್ಲಿ, ಚಕ್ರಗಳು ನೇರ ಇವೆಯಾ ಅಂತ ನೋಡುವ ಅಲೈನ್‌ಮೆಂಟ್ ಯಂತ್ರದ ಮುಂದೆ ಕೂತಿದ್ದ ಅವಳ ಅಣ್ಣ ತಲೆಯೆತ್ತಲಿಲ್ಲ. ಅವನ ಊರುಗೋಲು ಕುರ್ಚಿಗೆ ಒರಗಿತ್ತು.

ನಾಲ್ಕು ವರ್ಷದ ಹಿಂದೆ ಕಾರು ತಗ್ಗಿಸುವ ಹುಚ್ಚು ಹತ್ತಿ, ಹೊಸ ಸ್ಪ್ರಿಂಗ್ ಹಾಕುವ ತಾಳ್ಮೆಯಿಲ್ಲದೆ, ಇದ್ದದ್ದನ್ನೇ ಗ್ರೈಂಡರ್‌ನಿಂದ ಕತ್ತರಿಸಿದವನು ಅವನೇ. ಮೂರನೇ ದಿನ ವರ್ತುಲ ರಸ್ತೆಯ ತಿರುವಿನಲ್ಲಿ ಆ ಸ್ಪ್ರಿಂಗ್ ಜಾಗ ಬಿಟ್ಟು ಹಾರಿತು. ಅವನ ಕಾಲು ಹೋಯಿತು. ಕತ್ತರಿಸುವಾಗ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದವಳು ನಮ್ಮ ಹುಡುಗಿ. ಅವತ್ತೇ ಆಣೆ ಮಾಡಿದಳು, ಆಮೇಲೆ ಅವಳು ಯಾರ ಕಾರನ್ನೂ ತಗ್ಗಿಸಿಲ್ಲ.

ಬಂದವನು ಹೋಗಲಿಲ್ಲ. ಜೇಬಿನಿಂದ ಒಂದು ದಾರ ತೆಗೆದ. ಕನ್ನಡಕಕ್ಕೆ ಕಟ್ಟಿ ಕುತ್ತಿಗೆಗೆ ಇಳಿಬಿಡುತ್ತಾರಲ್ಲ, ಅಂಥ ದಾರ. ನಡುವೆ ಒಂದು ಗಂಟು.

"ನಮ್ಮಮ್ಮ ಕಾಲು ಎತ್ತೋದು ಈ ಗಂಟಿನವರೆಗೆ ಮಾತ್ರ. ಮಂಡಿ ನೋವು. ಅಪ್ಪನ ಗಾಡಿ ಅದಕ್ಕಿಂತ ಎರಡು ಬೆರಳು ಎತ್ತರ. ಸ್ಟೂಲ್ ಇಟ್ಟೆ, ಜಾರಿ ಬಿದ್ದರು. ಅಪ್ಪ ಹೋದ ಮೇಲೆ ಅಮ್ಮ ಅದರಲ್ಲಿ ಕೂತೇ ಇಲ್ಲ. ಬೇರೆ ಕಾರು ಬೇಡವಂತೆ."

ಅವಳು ದಾರ ನೋಡಿದಳು. ಹೊರಗೆ ನಿಂತಿದ್ದ, ಜೀಪಿನಂಥ ಎತ್ತರದ ಹಳೇ ಗಾಡಿ ನೋಡಿದಳು. ಸ್ಪ್ಯಾನರ್ ಕೆಳಗಿಟ್ಟಳು.

'ಎರಡು ಬೆರಳು... ಅಷ್ಟೇ ತಾನೇ.'

"ಗುರುವಾರ ತನ್ನಿ," ಅಂದಳು. "ಅಳತೆಗೆ ಸರಿಯಾದ ಸ್ಪ್ರಿಂಗ್, ಅದಕ್ಕೆ ಹೊಂದೋ ಶಾಕ್ ಅಬ್ಸಾರ್ಬರ್, ಎರಡೂ ಹೊಸದು ಹಾಕಬೇಕು. ಅರ್ಧಂಬರ್ಧ ಕೆಲಸ ನಾನು ಮಾಡಲ್ಲ."

ಗುರುವಾರ ಅವನು ಬಂದ. ಗಾಡಿ ಬಿಟ್ಟು ಹೋಗಿ ಅಂದರೆ ಹೋಗಲಿಲ್ಲ, ಟಯರುಗಳ ರಾಶಿಯ ಪಕ್ಕ ಕೂತೇಬಿಟ್ಟ. ಮಾರ್ಕೆಟ್ ಬೀದಿಯಲ್ಲಿ ಅವನದು ಕನ್ನಡಕದ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ.

"ಅಷ್ಟೆಲ್ಲಾ ಬೋಲ್ಟು ಸಡಿಲ ಬಿಟ್ಟು ಗಾಡಿ ಇಳಿಸ್ತಾ ಇದ್ದೀರಲ್ಲ?" ಅಂತ ಕೇಳಿದ.

"ಗಾಡಿ ಮೇಲೆ ನೇತಾಡುವಾಗ ಇವನ್ನ ಬಿಗಿ ಮಾಡಬಾರದು. ಇಳಿಸಿದ ಕೂಡಲೇ ಒಳಗಿನ ರಬ್ಬರ್ ತಿರುಚಿಕೊಳ್ಳುತ್ತೆ, ಬೇಗ ಹರಿಯುತ್ತೆ. ನೆಲಕ್ಕೆ ಇಳಿದು ತನ್ನ ಭಾರ ತಾನು ಹೊತ್ತು ನಿಂತ ಮೇಲೇ ಬಿಗಿ ಮಾಡಬೇಕು."

ಅವನು ಪಾಠ ಕೇಳುವವನ ಹಾಗೆ ತಲೆಯಾಡಿಸಿದ. ನಾಲ್ಕು ವರ್ಷದಲ್ಲಿ ಅವಳ ಕೆಲಸದ ಬಗ್ಗೆ ಹೀಗೆ ಆಸಕ್ತಿಯಿಂದ ಕೇಳಿದವರು ಯಾರೂ ಇರಲಿಲ್ಲ. ಅವಳಿಗೆ ಖುಷಿಯಾಯಿತು. ಆದದ್ದು ಗೊತ್ತಾಗಿ ಸಿಟ್ಟೂ ಬಂತು.

ಬಿಗಿ ಎಷ್ಟಿದೆ ಅಂತ ತೋರಿಸುವ ಸ್ಪ್ಯಾನರಿನ ಮೇಲಿನ ಅಂಕಿಗಳನ್ನು ಕೈ ಚಾಚಿ ದೂರ ಹಿಡಿದು ಓದಿದಳು.

"ಹತ್ತಿರದ್ದು ಸರಿಯಾಗಿ ಕಾಣ್ತಿಲ್ಲ ಅಲ್ವಾ ನಿಮಗೆ?"

"ನನ್ನ ಕಣ್ಣು ಚೆನ್ನಾಗೇ ಇದೆ. ನಿಮ್ಮ ವ್ಯಾಪಾರ ನಿಮ್ಮ ಅಂಗಡಿಯಲ್ಲಿ."

ಅವನು ನಕ್ಕ. ಅವಳು ತಿರುಗಿ ನಿಂತಳು, ತನ್ನ ನಗು ಅವನಿಗೆ ಕಾಣದಿರಲಿ ಅಂತ. ಗಾಜಿನ ಕೋಣೆಯಲ್ಲಿದ್ದ ಅಣ್ಣನಿಗೆ ಕಂಡಿತು.

ಹೊರಡುವಾಗ ಹೇಳಿದಳು, "ಹೊಸ ಸ್ಪ್ರಿಂಗ್ ಇನ್ನೂ ಸ್ವಲ್ಪ ಕೆಳಗೆ ಕೂತುಕೊಳ್ಳುತ್ತೆ. ಐನೂರು ಕಿಲೋಮೀಟರ್ ಓಡಿಸಿ ಬನ್ನಿ, ಮತ್ತೆ ಅಲೈನ್‌ಮೆಂಟ್ ನೋಡಬೇಕು."

"ಐನೂರಾ..." ಅಂದ. ಮೀಟರನ್ನು ಒಮ್ಮೆ ನೋಡಿ ಗಾಡಿ ಹೊರಡಿಸಿದ.

ಮಾರನೇ ದಿನ ಸಂಜೆ ಅಂಗಡಿಯ ಶಟರ್ ಎಳೆಯುವಾಗ ಅವಳು ಆ ಗಾಡಿ ನೋಡಿದಳು. ಅಂಗಡಿಯ ಎದುರೇ ಹಾದು ವರ್ತುಲ ರಸ್ತೆಯ ಕಡೆ ತಿರುಗಿತು. ಇರಲಿ, ಏನೋ ಕೆಲಸ ಇದ್ದೀತು.

ಅದರ ಮಾರನೇ ದಿನವೂ ಅದೇ ಹೊತ್ತಿಗೆ, ಅದೇ ತಿರುವು. ಮೂರನೇ ದಿನವೂ...

ಅವಳು ಶಟರನ್ನು ಅರ್ಧಕ್ಕೇ ಬಿಟ್ಟು ಬೀದಿಗೆ ಬಂದಳು. ಸಂಜೆ ಹೊತ್ತು ಆ ರಸ್ತೆಗೆ ಯಾರು ಹೋಗುತ್ತಾರೆ ಅಂತ ಅವಳಿಗೆ ಗೊತ್ತಿರದೇ ಇರುತ್ತಾ? ತಗ್ಗಿಸಿದ ಕಾರುಗಳ ಹುಡುಗರು.

'ಅಮ್ಮನ ಮಂಡಿಯಂತೆ, ದಾರವಂತೆ. ಎಷ್ಟು ಚೆನ್ನಾಗಿ ಟೋಪಿ ಹಾಕಿದ. ಒಬ್ಬನ ಮಾತಿಗೆ ಕರಗಿ ನನ್ನ ಆಣೆ ನಾನೇ ಮುರಿದೆನಲ್ಲ. ಅವನಿಗೇನಾದರೂ ಆದರೆ? ಮತ್ತೆ ನನ್ನ ಕೈಯಿಂದಲೇ...'

ಸಿಟ್ಟಿಗಿಂತ ಭಯ ಹೆಚ್ಚಾಗಿತ್ತು. ಸುಳ್ಳುಗಾರ ಅಂತ ಬೈಯುತ್ತಲೇ, ಆ ಗಾಡಿ ವಾಪಸ್ ಹೋಗುವುದನ್ನು ನೋಡದೆ ಮನೆಗೆ ಹೋಗಲು ಅವಳಿಗೆ ಆಗುತ್ತಿರಲಿಲ್ಲ.

ಒಂಬತ್ತನೇ ದಿನ ಬೆಳಗ್ಗೆ ಗಾಡಿ ಅಂಗಡಿಯೊಳಗೆ ಬಂದು ನಿಂತಿತು. ಅವಳು ಸೀದಾ ಅವನ ಬಾಗಿಲಿನ ಹತ್ತಿರ ಹೋಗಿ ಮೀಟರ್ ನೋಡಿದಳು. ಗುರುವಾರದಿಂದ ಐನೂರ ನಾಲ್ಕು ಕಿಲೋಮೀಟರ್ ಓಡಿತ್ತು.

"ಕೆಳಗೆ ಅಂಗಡಿ, ಮೇಲೆ ಮನೆ ಇರೋರು ಎಂಟು ದಿನಕ್ಕೆ ಐನೂರು ಓಡಿಸಿದ್ದೀರಿ. ಎಲ್ಲಿಗೆ ಹೋಗಿದ್ರಿ?"

"ಎಲ್ಲಿಗೂ ಇಲ್ಲ."

"ವರ್ತುಲ ರಸ್ತೆಗೆ ಅಂತ ಹೇಳೋಕೆ ಬಾಯಿ ಬರಲ್ವಾ? ದಿನಾ ನೋಡಿದ್ದೀನಿ ನಾನು." ಗಾಜಿನ ಕೋಣೆಯ ಕಡೆ ಕೈ ತೋರಿಸಿದಳು. "ಅಲ್ಲಿ ಕೂತಿದ್ದಾನಲ್ಲ ನಮ್ಮಣ್ಣ, ಅವನ ಕಾಲು ಹೋಗಿದ್ದು ಅದೇ ರಸ್ತೆಯಲ್ಲಿ. ನಿಮ್ಮನ್ನ ನಂಬಿ ಕೆಲಸ ಮಾಡಿಕೊಟ್ಟೆ. ದಿನಾ ಜೀವ ಕೈಯಲ್ಲಿ ಹಿಡಿದುಕೊಂಡು ನಿಂತಿರ್ತಿದ್ದೆ. ಗೊತ್ತಾ ನಿಮಗೆ?"

ಅವನು ಬಾಯಿ ತೆರೆದ. ಅಷ್ಟರಲ್ಲಿ ಆ ಕಡೆಯ ಬಾಗಿಲು ತೆರೆಯಿತು.

ಬಾಗಿಲ ಹಿಡಿ ಹಿಡಿದು ಸಿಟ್ಟಿನಲ್ಲಿ ಅವಳು ಗಮನಿಸದಿದ್ದ ಒಂದು ಪುಟ್ಟ ಆಕೃತಿ ಯಾರ ಸಹಾಯವೂ ಇಲ್ಲದೆ ಇಳಿಯಿತು. ಮೊದಲು ಒಂದು ಪಾದ, ಆಮೇಲೆ ಇನ್ನೊಂದು. ಎರಡೂ ನೆಲ ಮುಟ್ಟಿದ ಮೇಲೆ ಸೆರಗು ಸರಿಮಾಡಿಕೊಂಡಿತು.

"ಪಂದ್ಯ ಕಟ್ಟೋ ಮುಖಾನೇನಮ್ಮ ಇದು?" ಅಂದರು ಅವನ ತಾಯಿ. "ಮೂವತ್ತರ ಮೇಲೆ ಓಡಿಸಲ್ಲ. ಸೈಕಲ್‌ನವರೂ ನಮ್ಮನ್ನ ಹಿಂದೆ ಹಾಕಿ ಹೋದ್ರು. ಅಲ್ಲಿ ಗುಂಡಿಯಿಲ್ಲ, ನಿನ್ನ ಮಂಡಿಗೆ ಒಳ್ಳೇದು ಅಂತಾನೆ. ನಿಮ್ಮ ಅಂಗಡಿ ಮುಂದೆ ಹಾದು ಹೋಗೋ ದಾರಿ ಅದೊಂದೇ ಅಂತ ನನಗೆ ಗೊತ್ತಿಲ್ಲವೇನು? ಐನೂರು ಮುಗಿಯೋ ಹೊತ್ತಿಗೆ ಮಂಡಿ ನೋವು ಹೋಗಿ ಸೊಂಟ ನೋವು ಬಂತು."

"ಅಮ್ಮಾ..." ಅಂದ ಅವನು. ಕಿವಿ ಕೆಂಪಾಗಿತ್ತು.

"ಏನೋ? ನಿಮ್ಮಪ್ಪ ಹೋದ ಮೇಲೆ ಮೊದಲ ಸಲ ಅವರ ಗಾಡೀಲಿ ಕೂತೆ. ಅದಕ್ಕೆ ಈ ಹುಡುಗಿಗೆ ಕೈ ಮುಗೀಬೇಕು ಅಂತ ಬಂದೆ. ನಿನ್ನ ಮಾತು ನೀನು ಹೇಳ್ಕೋ." ಮೆಲ್ಲಗೆ ಹೆಜ್ಜೆ ಹಾಕುತ್ತಾ ಗಾಜಿನ ಕೋಣೆಯ ಕಡೆ ನಡೆದರು. ಅಣ್ಣ ಎದ್ದು ಕುರ್ಚಿ ಬಿಟ್ಟುಕೊಟ್ಟ.

ಅವನು ಗಾಡಿಯಿಂದ ಇಳಿದ.

"ಐನೂರು ಆದ ಮೇಲೆ ಬನ್ನಿ ಅಂದ್ರಿ," ಅಂದ ಅವನು, ನೆಲ ನೋಡುತ್ತಾ. "ನನ್ನ ಲೆಕ್ಕದಲ್ಲಿ ಅಷ್ಟು ಓಡಿಸೋಕೆ ಒಂದು ವರ್ಷ ಬೇಕು. ಒಂದು ವರ್ಷ ನಿಮ್ಮನ್ನ ನೋಡದೆ ಇರೋದು ನನ್ನ ಕೈಲಾಗಲಿಲ್ಲ."

ಇಷ್ಟು ದಿನ ಮನಸ್ಸಿನಲ್ಲೇ ಬೈದಿದ್ದೆಲ್ಲಾ ನೆನಪಾಗಿ ಅವಳಿಗೆ ನಾಚಿಕೆಯಾಯಿತು. ಕೈಯಲ್ಲಿದ್ದ ಬಟ್ಟೆಯಿಂದ, ಆಗಲೇ ಒರೆಸಿದ್ದ ಸ್ಪ್ಯಾನರನ್ನು ಮತ್ತೆ ಒರೆಸಿದಳು.

"ನನ್ನದು ತಪ್ಪಾಯ್ತು. ನಿಮ್ಮ ವಿಷಯದಲ್ಲಿ ನಾನು ಗಾಡಿ ಇಳಿಸೋ ಮೊದಲೇ ಬೋಲ್ಟು ಬಿಗಿ ಮಾಡಿಬಿಟ್ಟೆ."

"ಸಡಿಲ ಮಾಡಿ ಮತ್ತೆ ಬಿಗಿ ಮಾಡಬಹುದಲ್ವಾ?"

"ಮಾಡಬಹುದು." ಅವಳು ಅವನ ಮುಖ ನೋಡಿದಳು. "ಸುಳ್ಳು ಹೇಳಿದ್ದು ನಾನೇ. ಅಂಕಿ ನನಗೆ ಸರಿಯಾಗಿ ಕಾಣಲ್ಲ. ಆರು ತಿಂಗಳಾಯ್ತು."

"ಗೊತ್ತು. ನಾಳೆ ಅಂಗಡಿಗೆ ಬನ್ನಿ, ಪರೀಕ್ಷೆ ಮಾಡ್ತೀನಿ. ಆದರೆ ನಮ್ಮಲ್ಲೂ ಒಂದು ನಿಯಮ ಇದೆ. ಕನ್ನಡಕ ಹಾಕಿಕೊಂಡ ಮೇಲೆ ಹೊಂದಿದೆಯಾ ಅಂತ ನೋಡೋಕೆ ಹದಿನೈದು ದಿನ ಬಿಟ್ಟು ಮತ್ತೆ ಬರಬೇಕು."

ಅವಳು ಸ್ಪ್ಯಾನರ್ ಕೆಳಗಿಟ್ಟಳು.

"ಹದಿನೈದು ದಿನ ಕಾಯೋಕಾಗಲ್ಲ," ಅಂದಳು ಮೆಲ್ಲಗೆ. "ದಿನಾ ಬರ್ತೀನಿ."