ಬೀಗಕ್ಕೊಂದು ವಂದನೆ ಹಾಡು

"ನಾಳೆ ಬರೋ ವಿದೇಶಿ ಅತಿಥಿಗಳಿಗೆ ಒಂದು ವಂದನೆ ಹಾಡು ಬೇಕಿತ್ತು..."

ಎಳ್ಳು ಅರೆಯುತ್ತಿದ್ದ ಲನ್ಯೆರೊ ತಲೆಯೆತ್ತಿದಳು. ಎದುರಿಗೆ ನೆರವು ಸಂಸ್ಥೆಯ ದುಭಾಷಿ ಕೊಮಾಕೆಚ್. ಇಸ್ತ್ರಿ ಅಂಗಿ, ಮೆತ್ತನೆಯ ಮಾತು.

"ಯಾರಿಗೆ ವಂದನೆ? ಬೀಗಕ್ಕಾ?"

ಅಚೋಲಿ ಜನರ ಆ ನಾಡಿನಲ್ಲಿ ಯುದ್ಧ ಮುಗಿದು, ನಿರಾಶ್ರಿತರ ಶಿಬಿರಗಳಿಂದ ಊರಿಗೆ ಮರಳಿದವರಿಗೆ ಆ ಸಂಸ್ಥೆ ಹೆರಿಗೆ ಆಸ್ಪತ್ರೆ ಕಟ್ಟಿಸಿಕೊಟ್ಟಿತ್ತು. ನರ್ಸಮ್ಮ ಮಾತ್ರ ಬರಲೇ ಇಲ್ಲ. ಬೀಗ ಹಾಕಿದ ಆ ಬಾಗಿಲ ಮುಂದೆಯೇ ಲನ್ಯೆರೊಳ ಅಕ್ಕ ಹೆರಲಾರದೆ ಸತ್ತಿದ್ದಳು.

"ನಿಮ್ಮಕ್ಕನ ವಿಷಯ ಗೊತ್ತು. ನಿಮಗೆ ಅನ್ನಿಸಿದ್ದನ್ನೇ ಹಾಡಿ. ಒಂದು ಮಾತೂ ಬಿಡದೆ ಅವರಿಗೆ ಹೇಳ್ತೀನಿ."

ಆ ಕಣ್ಣುಗಳನ್ನು ಅವಳು ನಂಬಿಬಿಟ್ಟಳು... ನಂಬಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಮರುದಿನ ಮಾವಿನ ಮರದಡಿ ಹೆಂಗಸರು ಸೈಕಲ್ ಕಡ್ಡಿಗಳಿಂದ ಸೋರೆಬುರುಡೆ ಬಡಿದು ತಾಳ ಹಾಕಿದರು. ಲನ್ಯೆರೊ ಹಾಡಿದಳು:

"ಗೋಡೆ ಕೊಟ್ಟಿರಿ, ಬಣ್ಣ ಕೊಟ್ಟಿರಿ, ಬಾಗಿಲಿಗೆ ಬೀಗವನೂ ಕೊಟ್ಟಿರಿ;
ಹೆರುವವಳ ಕೈ ಹಿಡಿವ ಕೈಯೊಂದನು ಎಲ್ಲಿ ಮರೆತುಬಿಟ್ಟಿರಿ?"

ಕೊಮಾಕೆಚ್ ಅತಿಥಿಗಳ ಕಿವಿಯಲ್ಲಿ ಇಂಗ್ಲಿಷಿನಲ್ಲಿ ಉಸುರಿದ. ಅವರು ನಕ್ಕರು. ಚಪ್ಪಾಳೆ ತಟ್ಟಿದರು.

ಅವಳ ಮೈ ಉರಿದುಹೋಯಿತು. ಇದನ್ನು ಕೇಳಿಯೂ ನಗುತ್ತಾರೆಂದರೆ... ಇವನು ಹೇಳಿದ್ದಾದರೂ ಏನು?

"ನಮ್ಮಕ್ಕನ ಸಾವಿಗೆ ಸಕ್ಕರೆ ಬೆರೆಸಿ ಕುಡಿಸಿದೆಯಲ್ಲೋ, ನಾಲಿಗೆ ಮಾರಿಕೊಂಡವನೇ!"

ಅವನು ಬಾಯಿ ತೆರೆಯುವಷ್ಟರಲ್ಲಿ ಸಂಸ್ಥೆಯ ಮ್ಯಾನೇಜರ್ ಅವನನ್ನು ಜೀಪಿಗೆ ಎಳೆದೊಯ್ದ.

ಸಂಜೆ ಅವನು ನಡೆದೇ ಬಂದ. ಅಂಗಿಯ ತುಂಬ ಕೆಂಪು ಧೂಳು.

"ಜೀಪೆಲ್ಲಿ, ಸಾಹೇಬರೇ?"

"ಇಳಿಸಿದ್ರು. ಕೆಲಸದಿಂದಲೂ."

ಅವಳು ಅವನ ಧೂಳು ಮೆತ್ತಿದ ಕಾಲು ನೋಡಿದಳು.

"ನೀವು ಹಾಡಿದಷ್ಟನ್ನೂ ಹೇಳಿದೆ. ಹಾಡು ಮುಗಿಯೋವರೆಗೂ ನಗ್ತಾ ಇರೋದು ಅವರ ಕಡೆ ಮರ್ಯಾದೆಯಂತೆ. ಜೀಪಲ್ಲಿ ಒಬ್ಬಾಕೆ 'ಇದು ನಿಜವಾ?' ಅಂದ್ರು. 'ಯಾವುದೋ ಹಳೇ ಹಾಡು ಅಂತ ಹೇಳು' ಅಂದ ಮ್ಯಾನೇಜರ್. ಇಲ್ಲ, ಹಾಡು ಕಟ್ಟಿದವಳು ಬದುಕಿದ್ದಾಳೆ, ಹೆಸರು ಲನ್ಯೆರೊ ಅಂದೆ."

ತನ್ನ ಹೆಸರು ಅವನ ಬಾಯಲ್ಲಿ ಹೀಗೆ ಕೇಳಿಸುತ್ತದೆಂದು ಅವಳಿಗೆ ತಿಳಿದಿರಲಿಲ್ಲ. ಸಿಟ್ಟು ಇಳಿಯಲಿಲ್ಲ. ಅವನ ಮೇಲಿಂದ ಮಾತ್ರ ಎದ್ದುಹೋಯಿತು.

"ಮತ್ತೆ ನರ್ಸಮ್ಮ?"

"ಜಿಲ್ಲಾ ಕಚೇರಿ ಕಳಿಸಬೇಕು ಅಂತಾರೆ ಸಂಸ್ಥೆಯವರು. ಸಂಸ್ಥೆಯೇ ಕಳಿಸಲಿ ಅಂತಾರೆ ಕಚೇರಿಯವರು."

"ಹಾಗಾದ್ರೆ ನಾಳೆ ಕಚೇರಿ ಬಾಗಿಲಲ್ಲೇ ನಿಂತು ಹಾಡ್ತೀನಿ. ನರ್ಸಮ್ಮ ಬರೋವರೆಗೂ ಹಾಡ್ತೀನಿ. ನೀನೂ ಬಾ."

"ಆ ಕಚೇರೀಲಿರೋರೆಲ್ಲ ನಮ್ಮ ಅಚೋಲಿಗಳೇ. ನಮ್ಮ ಮಾತು ಅವರಿಗೆ ಬರುತ್ತೆ. ದುಭಾಷಿ ಯಾಕೆ?"

"ದುಭಾಷೀನ ಯಾರು ಕರೆದ್ರು?" ಅಂದಳು ಲನ್ಯೆರೊ, ಇನ್ನೂ ಸಿಟ್ಟಿನಲ್ಲೇ, ಅವನ ಕೈ ಹಿಡಿದು.