ಲೈಟ್ ಕುಕಿಂಗ್ ಮಾತ್ರ

ಇಷ್ಟು ಬೆಳಗ್ಗೆ ಗಂಟೆ ಬಾರಿಸಿದವರು ಪೊಲೀಸರೇ ಇರಬೇಕು ಅಂದುಕೊಂಡಳು ರೋಹಿಣಿ.

ಕೈತುಂಬ ಜೋಳದ ಹಿಟ್ಟು. ಹಂಚಿನ ಮೇಲೆ ಅರೆಬೆಂದ ರೊಟ್ಟಿ.

ಕಬ್ಬಿಣದ ಗೇಟಿನಾಚೆ ನಿಂತಿದ್ದವನು ಪೊಲೀಸನಲ್ಲ. ಮುದುಡಿದ ಟೀ ಶರ್ಟು, ಕೆದರಿದ ಕೂದಲು, ನಿದ್ದೆಗೆಟ್ಟ ಕೆಂಪು ಕಣ್ಣು. ಕೆಳಗಿನ ಮನೆಯವನಂತೆ. ಈ ಹೊತ್ತಿನಲ್ಲಿ ಯಾರು ಸುತ್ತಿಗೆಯಿಂದ ಬಡಿಯುತ್ತಿರುವುದು, ಮನುಷ್ಯರು ಮಲಗುವುದು ಬೇಡವೇ ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಯವ್ವಾ..." ಎಂದಿತು ಅವಳ ಬಾಯಿ, ಅವಳ ಅಪ್ಪಣೆಯನ್ನೂ ಕೇಳದೆ.

ಅವನ ಸಿಟ್ಟು ಅಲ್ಲೇ ನಿಂತಿತು. ಅವಳ ಕೈಯತ್ತ ನೋಡಿದ. ಮೂಗರಳಿಸಿದ.

"ರೊಟ್ಟಿ ಬಡೀತಾ ಇದ್ರಾ?"

ಮಾಲು ಸಮೇತ ಸಿಕ್ಕಿಬಿದ್ದ ಕಳ್ಳಿಯಂತೆ ತಲೆಯಾಡಿಸಿದಳು.

ಅದು ಕಳ್ಳತನವೇ ಆಗಿತ್ತು. ಈ ಪರದೇಶದಲ್ಲಿ, ಚೋವಾ ಚು ಕಾಂಗ್ ಬಡಾವಣೆಯ ಈ ಫ್ಲ್ಯಾಟಿನಲ್ಲಿ ಒಂದು ರೂಮು ಕೊಡುವಾಗ ಮನೆಯೊಡತಿ ಟಾನ್ ಆಂಟಿ ಹಾಕಿದ್ದ ಷರತ್ತು ಒಂದೇ: ಲೈಟ್ ಕುಕಿಂಗ್ ಮಾತ್ರ. ಅಂದರೆ ನೀರು ಕಾಯಿಸಬಹುದು, ಮ್ಯಾಗಿ ಬೇಯಿಸಬಹುದು. ಅದಕ್ಕಿಂತ ಹೆಚ್ಚಿಲ್ಲ. ಅಡುಗೆ ಎಂದ ಕೂಡಲೇ ಫೋನ್ ಇಟ್ಟವರನ್ನೆಲ್ಲ ದಾಟಿ ಸಿಕ್ಕ ರೂಮು ಇದು. ರೋಹಿಣಿ ಹೂಂ ಅಂದಿದ್ದಳು.

ಆದರೆ ಜಮಖಂಡಿಯ ಹೊಟ್ಟೆ ಮ್ಯಾಗಿಗೆ ಒಪ್ಪಬೇಕಲ್ಲ! ಹಾಕರ್ ಸೆಂಟರಿನ ಊಟದಂಗಡಿಯಲ್ಲಿ ಸೊಪ್ಪಿನ ಪಲ್ಯ ಎಂದು ತಂದ ತಟ್ಟೆಯಲ್ಲಿ ಒಣಸೀಗಡಿ ಕಂಡ ದಿನ ಅವಳು ಆಫೀಸಿನ ಬಾತ್‌ರೂಮಿನಲ್ಲಿ ಅತ್ತಿದ್ದಳು. ಮಾರನೆಯ ದಿನದಿಂದ, ಆಂಟಿ ಕಟ್ಟಡದ ಬುಡದ ತೆರೆದ ಅಂಗಳಕ್ಕೆ, ವಾಯ್ಡ್ ಡೆಕ್‌ಗೆ, ವ್ಯಾಯಾಮಕ್ಕೆ ಹೋದೊಡನೆ, ಅಡುಗೆಮನೆಯ ನೆಲದ ಮೇಲೆ ಮಣೆ ಹಾಕಿಕೊಂಡು ರೊಟ್ಟಿ ಬಡಿಯತೊಡಗಿದ್ದಳು. ಆ ನೆಲ ಇನ್ನೊಬ್ಬರ ತಲೆಯ ಮೇಲಿನ ಸೂರು ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ.

"ಆಂಟಿಗೆ ಹೇಳಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಕಾಲಿಗೆಲ್ಲ ಬೇಡ ಕಣ್ರೀ, ಹೇಳಲ್ಲ. ಕಟ್ಟೆ ಮೇಲೆ ಟವೆಲ್ ಮಡಚಿ ಹಾಕ್ಕೊಂಡು ಬಡೀರಿ, ಸದ್ದು ಕಮ್ಮಿಯಾಗುತ್ತೆ." ಹೋಗುತ್ತಾ ತಿರುಗಿ, "ಅದು ಸೀದೋಗ್ತಿದೆ ನೋಡಿ," ಎಂದ.

ಅವನ ಹೆಸರು ಸಂಪತ್. ಮೈಸೂರಿನವನು, ಸೆರಂಗೂನ್‌ನಲ್ಲಿ ಸಾಫ್ಟ್‌ವೇರ್ ಕೆಲಸ, ಅಮೆರಿಕದ ಟೀಮಿನ ಜೊತೆ ರಾತ್ರಿಯೆಲ್ಲ ಕಾಲ್. ಇದೆಲ್ಲ ಅವಳಿಗೆ ಗೊತ್ತಾಗಿದ್ದು ಲಿಫ್ಟಿನಲ್ಲಿ, ಆಮೇಲೆ ಎಂಆರ್‌ಟಿ ರೈಲು ಸ್ಟೇಷನ್ನಿಗೆ ನಡೆಯುವ ದಾರಿಯಲ್ಲಿ. ಯಾವ ಅಂಗಡಿಯಲ್ಲಿ ಬೌದ್ಧರ ಅಪ್ಪಟ ಸಸ್ಯಾಹಾರ ಸಿಗುತ್ತದೆ, ಎಸ್ಕಲೇಟರಿನಲ್ಲಿ ಎಡಕ್ಕೇ ಯಾಕೆ ನಿಲ್ಲಬೇಕು ಎಂದೆಲ್ಲ ಹೇಳಿಕೊಟ್ಟ. ಅವಳು ಹೆಚ್ಚು ಮಾತಾಡುತ್ತಿರಲಿಲ್ಲ. ಅವನಿಗಾಗಿ ಒಂದು ರೊಟ್ಟಿ ಹೆಚ್ಚಿಗೆ ಬಡಿದು, ಕರವಸ್ತ್ರದಲ್ಲಿ ಸುತ್ತಿ, ಲಿಫ್ಟಿನಲ್ಲಿ ಕೊಡುತ್ತಿದ್ದಳು.

ಒಂದು ಬೆಳಗ್ಗೆ ಮಾತ್ರ ಬಾಯಿಬಿಟ್ಟಿದ್ದಳು. ತಂಜಾಂಗ್ ಪಗಾರ್‌ನ ಆಫೀಸಿನಲ್ಲಿ ಮೀಟಿಂಗ್ ಬಂದರೆ ಗಂಟಲು ಕಟ್ಟುತ್ತದೆ, ಮನೆಯಲ್ಲಿ ಆಂಟಿಯ ಚಪ್ಪಲಿ ಸದ್ದಿಗೆ ಬೆವರುತ್ತೇನೆ, ಪ್ರೊಬೇಷನ್ ಮುಗಿದ ಮೇಲೆ ಊರಿಗೆ ಹೋಗಿಬಿಡೋಣ ಅನ್ನಿಸುತ್ತದೆ ಎಂದು. ಸಂಪತ್ ಆ ದಿನ ಯಾಕೋ ಸ್ಟೇಷನ್‌ವರೆಗೂ ಮಾತಾಡಲಿಲ್ಲ.

'ಬ್ಯಾಸರ ಆತೇನೋ ನನ್ನ ಗೋಳು ಕೇಳಿ...' ಅಂದುಕೊಂಡಿದ್ದಳು.

ಅದಾದ ವಾರದಲ್ಲೇ ಟಾನ್ ಆಂಟಿ ಅವಳನ್ನು ಸೋಫಾದ ಮೇಲೆ ಕೂರಿಸಿದರು. ದನಿ ಏರಿಸಲಿಲ್ಲ, ಅದೇ ಹೆಚ್ಚು ಭಯವಾಯಿತು. ಕೆಳಗಿನ ಮನೆಯ ಹುಡುಗ ಎಲ್ಲ ಹೇಳಿದ್ದಾನೆ, ನೀನು ದಿನಾ ಅಡುಗೆ ಮಾಡುತ್ತೀಯಂತೆ, ಈ ತಿಂಗಳ ಕೊನೆಗೆ ಬೇರೆ ರೂಮು ನೋಡಿಕೋ ಎಂದರು.

ಕೆಳಗಿನ ಮನೆಯ ಹುಡುಗ.

ರೋಹಿಣಿಗೆ ರೂಮು ಹೋದದ್ದು ಅರ್ಥವಾಗಲು ತಡವಾಯಿತು. ಮೊದಲು ಚುಚ್ಚಿದ್ದು ಆ ಮಾತೇ. ಹೇಳುವುದಿಲ್ಲ ಎಂದಿದ್ದನಲ್ಲ... ದಿನಾ ರೊಟ್ಟಿ ತಿಂದುಕೊಂಡೇ ಹೇಳಿದನೇ?

ಹುಟ್ಟಿದಾಗಿನಿಂದ ಯಾರ ಮೇಲೂ ದನಿಯೆತ್ತದ ಹುಡುಗಿ ಒಂದು ಮಹಡಿ ಇಳಿದು ಹೋಗಿ ಅವನ ಗಂಟೆ ಒತ್ತಿದಳು.

"ನಂಬಿದ್ದೆ ನಾ ನಿಮ್ಮನ್ನ," ಎಂದಳು ಗೇಟು ತೆರೆಯುವ ಮೊದಲೇ. "ಈ ಊರಾಗ ಒಬ್ಬರನ್ನ ನಂಬಿದ್ದೆ. ಈಗ ಎಲ್ಲಿಗಂತ ಹೋಗ್ಲಿ, ಹೇಳ್ರಿ?"

ಸಂಪತ್‌ನ ಮುಖ ಬಿಳಿಚಿತು. ನಾನು ದೂರು ಕೊಡಲಿಲ್ಲ, ವಾರಕ್ಕೆ ಎರಡು ದಿನವಾದರೂ ಅಡುಗೆಗೆ ಬಿಡಿ, ಸದ್ದಿನಿಂದ ನನಗೇನೂ ತೊಂದರೆಯಿಲ್ಲ ಎಂದು ಕೇಳಿಕೊಳ್ಳಲು ಹೋಗಿದ್ದೆ, ಆಂಟಿ ಅಡುಗೆ ಅನ್ನೋ ಮಾತು ಬಿಟ್ಟು ಬೇರೇನೂ ಕೇಳಿಸಿಕೊಳ್ಳಲಿಲ್ಲ ಎಂದ. ಈಗಲೇ ಬಂದು ಮಾತಾಡುತ್ತೇನೆ ಎಂದು ಚಪ್ಪಲಿ ಹುಡುಕತೊಡಗಿದ.

"ಬ್ಯಾಡ. ನೀವು ಮಾತಾಡಿದ್ದು ಸಾಕು."

ಮೆಟ್ಟಿಲು ಹತ್ತಿ ಮನೆಗೆ ಬಂದಳು. ಟೀವಿ ನೋಡುತ್ತಿದ್ದ ಆಂಟಿಯ ಮುಂದೆ ನಿಂತು, ತನ್ನ ತುಂಡು ಇಂಗ್ಲಿಷಿನಲ್ಲಿ, ಸುಳ್ಳು ಹೇಳಿದ್ದು ತನ್ನ ತಪ್ಪು ಎಂದಳು. ಏನು ಮಾಡುತ್ತಿದ್ದೆ ಎಂದು ಒಮ್ಮೆ ನೋಡಿ, ಆಮೇಲೆ ಕಳಿಸಿ ಎಂದಳು.

ಆಂಟಿ ಹುಬ್ಬು ಗಂಟಿಕ್ಕಿಕೊಂಡೇ ಅಡುಗೆಮನೆಗೆ ಬಂದರು. ಬಿಸಿನೀರಿನಲ್ಲಿ ಹಿಟ್ಟು ನಾದಿದ್ದು, ತಟ್ಟಿದ್ದು, ಹಂಚಿಗೆ ಹಾಕಿ ಮೇಲೆ ನೀರು ಸವರಿದ್ದು, ರೊಟ್ಟಿ ಚೆಂಡಿನಂತೆ ಉಬ್ಬಿದ್ದು... ಎಲ್ಲ ನೋಡಿದರು. ಆಮೇಲೆ ಒಲೆಯ ಹಿಂದಿನ ಟೈಲ್ಸಿಗೆ ಬೆರಳು ಉಜ್ಜಿ, ಮೂಗಿಗೆ ಹಿಡಿದರು.

"ನೋ ಆಯಿಲ್?"

"ನೋ ಆಯಿಲ್, ಆಂಟಿ. ಓನ್ಲಿ ವಾಟರ್."

ಹಿಂದಿನ ಬಾಡಿಗೆಯವರು ದಿನಾ ಎಣ್ಣೆಯಲ್ಲಿ ಕರಿದು ಕರಿದು ಗೋಡೆಯೆಲ್ಲ ಜಿಡ್ಡಾಗಿ, ಉಜ್ಜಿ ಉಜ್ಜಿ ತನ್ನ ತೋಳು ಬಿದ್ದುಹೋಗಿತ್ತು, ಅಡುಗೆ ಬೇಡ ಎಂದದ್ದು ಅದಕ್ಕೆ ಎಂದು ಆಗ ಹೇಳಿದರು. ಒಂದು ತುಂಡು ಬಾಯಿಗೆ ಹಾಕಿಕೊಂಡು ರುಚಿಯೇ ಇಲ್ಲ ಎಂದರು. ಶೇಂಗಾ ಚಟ್ನಿಪುಡಿ ಹಚ್ಚಿಕೊಟ್ಟಾಗ ಕಣ್ಣಲ್ಲಿ ನೀರು ಬಂದರೂ ಇನ್ನೊಂದು ತುಂಡಿಗೆ ಕೈಚಾಚಿದರು.

"ದಿಸ್ ಒನ್ ಕ್ಯಾನ್ ಲಾ. ಬಟ್ ಮಾರ್ನಿಂಗ್ ಕ್ಯಾನಾಟ್. ಪೀಪಲ್ ಸ್ಲೀಪಿಂಗ್."

ಇಷ್ಟೇನಾ? ಇಷ್ಟು ದಿನ ಹೆದರಿ ಸತ್ತದ್ದು, ಕೇಳಿದ್ದರೆ ಸಿಗುತ್ತಿದ್ದ ಇಷ್ಟಕ್ಕೇನಾ? ರೋಹಿಣಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಮತ್ತೆ ಕೆಳಗಿಳಿದಾಗ ಸಂಪತ್ ಮೆಟ್ಟಿಲ ಬಳಿಯೇ ನಿಂತಿದ್ದ, ಒಂದು ಕಾಲಿಗೆ ಮಾತ್ರ ಚಪ್ಪಲಿ.

"ರೂಮು ಉಳೀತ್ರಿ," ಎಂದಳು.

ಅವನು ಗೋಡೆಗೆ ಒರಗಿ ಉಸಿರುಬಿಟ್ಟ. ಅವಳು ಹೋಗಲಿಲ್ಲ.

"ಯಾಕ ಕೇಳಾಕ ಹೋದ್ರಿ? ನಾ ಹೇಳಿದ್ನೇನು?"

"ಇಲ್ಲ." ಕಾಲಲ್ಲಿದ್ದ ಒಂದೇ ಚಪ್ಪಲಿಯನ್ನೂ ಬಿಚ್ಚಿ ಬದಿಗಿಟ್ಟ. "ನಿಮಗೋಸ್ಕರ ಅಂತ ನಾನೂ ಅಂದ್ಕೊಂಡಿದ್ದೆ. ಸುಳ್ಳು ಕಣ್ರೀ. ನೀವು ಊರಿಗೆ ಹೋಗ್ಬಿಡ್ತೀನಿ ಅಂದ್ರಲ್ಲ, ಅವತ್ತಿಂದ ನಂಗೆ ನಿದ್ದೆ ಇಲ್ಲ. ನೀವಿಲ್ಲಿ ನೆಮ್ಮದಿಯಾಗಿದ್ರೆ ಹೋಗಲ್ಲ ಅಂತ... ನನಗೋಸ್ಕರ ಕೇಳ್ದೆ. ನೀವಂದ್ರೆ ಇಷ್ಟ ರೋಹಿಣಿ. ಅದನ್ನ ನಿಮಗೆ ಹೇಳೋದು ಬಿಟ್ಟು ಆಂಟಿ ಹತ್ರ ಹೋದೆ, ದಡ್ಡ."

ಕೆಳಗೆಲ್ಲೋ ಲಿಫ್ಟು ನಿಂತ ಸದ್ದಾಯಿತು. ಅವಳ ಕಿವಿ ಬಿಸಿಯಾಗಿತ್ತು. ಎಂದಿನಂತೆ ಗಂಟಲು ಕಟ್ಟಿತು. ಆದರೆ ಈ ಸಲ ಅವಳು ಅದು ಬಿಡುವವರೆಗೆ ಕಾದಳು.

"ಇನ್ನ ಮ್ಯಾಲೆ ನನ್ನ ಮಾತು ನೀವು ಆಡಬ್ಯಾಡ್ರಿ."

"ಆಡಲ್ಲ."

"ಇದಕ್ಕ ಈಗ ಏನ್ ಹೇಳಬೇಕು ನನಗ ಗೊತ್ತಿಲ್ಲ. ಸ್ವಲ್ಪ ದಿನಾ ಬೇಕು."

"ಎಷ್ಟು ದಿನ ಬೇಕಾದ್ರೂ ತಗೊಳ್ಳಿ. ನಾನೆಲ್ಲಿಗೂ ಹೋಗಲ್ಲ."

ಅವಳು ಎರಡು ಮೆಟ್ಟಿಲು ಹತ್ತಿ, ತಿರುಗದೆಯೇ ನಿಂತಳು.

"ಅಷ್ಟೊಂದೇನ್ ಬ್ಯಾಡ್ರಿ," ಎಂದಳು.