ಹೊಲಿಗೆ ಆರುವವರೆಗೆ

“ಯಾಕ ಬಂದ್ರಿ?”

ಚಂದವ್ವ ಪಿಸುದನಿಯಲ್ಲೇ ಗಂಡನನ್ನು ಕೇಳಿದಳು. ಎದೆಯೊಳಗೆ ಬೆಂಕಿ ಉರಿಯುತ್ತಿತ್ತು... ಆದರೆ ದನಿ ಏರಿಸುವಂತಿರಲಿಲ್ಲ!

ಮಡಿಲಲ್ಲಿ ಐದು ತಿಂಗಳ ಮಗಳಿದ್ದಳು. ಸೀಳುತುಟಿಗೆ ನಿನ್ನೆಯಷ್ಟೇ ಆಪರೇಷನ್ ಆಗಿತ್ತು. ಹೊಲಿಗೆ ಕೆರೆದುಕೊಳ್ಳದಿರಲೆಂದು ಪುಟ್ಟ ಮೊಣಕೈಗಳಿಗೆ ರಟ್ಟು ಕಟ್ಟಿದ್ದರು.

“ಮಗು ಅಳ್ಬಾರ್ದು ಮಾರಾಯ್ತಿ, ಹೊಲಿಗೆ ಬಿಚ್ಚಿ ಹೋಗ್ತದೆ. ನೀನು ಅತ್ರೆ ಅದೂ ಅಳ್ತದೆ,” ಎಂದಿದ್ದರು ಉಡುಪಿ ಕಡೆಯ ನರ್ಸ್ ವಿಮಲಾ.

ಊರು ಬಿಟ್ಟು ದುಡಿಯಲು ಬಂದ ಕಲ್ಯಾಣದ ಆ ಆಸ್ಪತ್ರೆಯಲ್ಲಿ ಉಳಿದ ಮಂಚಗಳ ಸುತ್ತ ಜನವೋ ಜನ. ಇವಳ ಬಳಿ ಮಾತ್ರ ಇಷ್ಟು ಹೊತ್ತು ಯಾರೂ ಇರಲಿಲ್ಲ. ಅತ್ತು ಹಗುರಾಗೋಣವೆಂದರೆ ಅದಕ್ಕೂ ಆಸ್ಪದವಿಲ್ಲ!

ಸುದ್ದಿ ಕೇಳಿ ಓಡಿ ಬಂದ ಗಂಡ ಸಿದ್ರಾಮ ಬಾಗಿಲಲ್ಲೇ ನಿಂತಿದ್ದ. ಮೈತುಂಬ ಸಿಮೆಂಟಿನ ಧೂಳು.

ಕೂಸು ಹುಟ್ಟಿದ ವಾರಕ್ಕೇ ಠಾಕುರ್ಲಿಯ ಜೋಪಡಿ ಬಿಟ್ಟು ಮಾಜಿವಾಡಾದ ಕಟ್ಟಡದ ಕೆಲಸಕ್ಕೆ ಹೋದವನು ಹೊರಳಿ ನೋಡಿರಲಿಲ್ಲ. “ಗ್ರಾಣದಾಗ ಈಳಗಿ ಹಿಡದಿರಬೇಕು ಇಕಿ, ಅದಕ್ಕ ಕೂಸಿನ ತುಟಿ ಸೀಳ್ಯಾದ,” ಎಂದು ಅದಕ್ಕೂ ಮೊದಲು ಅತ್ತೆ ಆಡಿಕೊಂಡಾಗಲೂ ಅವನು ತುಟಿ ಪಿಟಕ್ಕೆನ್ನಲಿಲ್ಲ. ಎಂಬತ್ತನೇ ಇಸವಿಯ ಆ ದೊಡ್ಡ ಸೂರ್ಯಗ್ರಹಣದ ದಿನ ಬಸುರಿ ಚಂದವ್ವ ಒಂದು ಕಡ್ಡಿ ಕೂಡ ಮುರಿಯದೆ ಚಾಪೆಯ ಮೇಲೆ ಮಲಗಿದ್ದಳು. ಸಂಜೆ ಬಂದು ಎಬ್ಬಿಸಿದವನೇ ಅವನು!

“ಕೂಸಿನ ಮುಖ ನೋಡ್ಲಾಕ ಹೇಸಿಗಿ ಆತಲ್ಲ ನಿಮಗ?”

“ಹೇಸಿಗಿ ಅಲ್ಲ ಚಂದಿ... ಹೆದರಿಕಿ.” ಅವನು ಧೂಳು ಮೆತ್ತಿದ ಅಂಗೈ ನೋಡಿಕೊಂಡ. “ಅವತ್ತು ಮುಕಾದಮ ರಜಾ ಕೊಡ್ಲಿಲ್ಲ. ಗ್ರಾಣ ಹಿಡದಾಗ ನಾ ಕಬ್ಬಿಣದ ಸರಳು ಕತ್ತರಿಸ್ತಿದ್ದೆ. ತಪ್ಪು ನಂದು. ಅವ್ವನ ಮುಂದ ಹೇಳ್ಲಾಕ ಬಾಯಿ ಬರ್ಲಿಲ್ಲ. ನನ್ನ ನೆರಳು ಬಿದ್ರ ಕೂಸಿಗಿ ಇನ್ನೇನಾಗ್ತದೋ ಅಂತ...”

ದೇವರೇ! ಇಷ್ಟು ತಿಂಗಳು ಒಂಟಿಯಾಗಿ ಬೆಂದದ್ದು ಇದಕ್ಕಾ? ಅವಳಿಗೆ ಸಿಟ್ಟು ಬಂತು. ಬೇಡವೆಂದರೂ ಆ ಹುಚ್ಚನ ಮೇಲೆ ಪ್ರೀತಿಯೂ ಬಂತು.

“ಗ್ರಾಣಕ್ಕೂ ಇದಕ್ಕೂ ಸಂಬಂಧ ಇಲ್ಲಂತ, ಡಾಕ್ಟರ್ ಹೇಳ್ಯಾರ. ತಪ್ಪು ನಿಮ್ಮದೂ ಅಲ್ಲ, ನಂದೂ ಅಲ್ಲ. ಆದ್ರ ಅತ್ತಿ ನನ್ನ ಅಂದಾಗ ಸುಮ್ಮನಿದ್ರಲ್ಲ, ಅದು ನಿಮ್ಮ ತಪ್ಪು.”

“ಹೌದು. ಅವ್ವಗ ನಾನೇ ಹೇಳ್ತೀನಿ. ಎಲ್ಲರ ಮುಂದ ಹೇಳ್ತೀನಿ.”

ಅವಳು ಮಂಚದ ಮೇಲೆ ಸರಿದು ಜಾಗ ಮಾಡಿದಳು. “ಬರ್ರಿ ಒಳಗ. ಹಿಡೀರಿ ಕೂಸಿನ್ನ.”

ಅವನು ಬಗ್ಗಿದ. ಕಿಟಕಿಯ ಬಿಸಿಲಿಗೆ ಅವನ ನೆರಳು ಮಗಳ ಮುಖದ ಮೇಲೆ ಬಿತ್ತು. ಬೆಚ್ಚಿ ಹಿಂದೆ ಸರಿಯಹೋದವನ ಅಂಗಿಯನ್ನು ಚಂದವ್ವ ಗಟ್ಟಿಯಾಗಿ ಹಿಡಿದಳು. ಕೂಸು ಅಳಲಿಲ್ಲ. ಕಣ್ಣರಳಿಸಿ ಅಪ್ಪನನ್ನು ನೋಡಿತು, ಅಷ್ಟೇ.

ಮಗಳನ್ನು ಅವನ ಕೈಗಿಟ್ಟು ಅವಳು ಎದ್ದಳು.

“ಎಲ್ಲಿಗಿ ಹೊಂಟಿ?”

“ಹೊರಗ... ಒಂದೀಟು ಅತ್ತು ಬರ್ತೀನಿ.”

“ಒಬ್ಬಾಕಿನೇ ಅಳಬ್ಯಾಡ ಚಂದಿ. ಇಲ್ಲೇ ಕೂಡು.”

ಅವಳು ಪಕ್ಕದಲ್ಲಿ ಕುಳಿತು ಆ ಸಿಮೆಂಟಿನ ಹೆಗಲಿಗೆ ಮುಖವೊತ್ತಿದಳು. ಸದ್ದಿಲ್ಲದೆ ಅತ್ತಳು. ಅವನ ಕಣ್ಣೂ ಹರಿಯುತ್ತಿತ್ತು.

“ಹೊಲಿಗಿ ಆರೋತನಕ ಹಿಂಗೇ ಸದ್ದಿಲ್ದ ಅಳೂಣು,” ಎಂದ.

“ಆಮ್ಯಾಲ?”

“ಆಮ್ಯಾಲ ಇಕಿ ನಗ್ತಾಳ. ನಾವೂ ಕಲಿಯೂಣು...”